ಪಾಠದ ಠಾಣೆಗೆ ಬಂದ ದೂರು

ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ನಿವೇಶನದ ಗುರುತುಕಲ್ಲುಗಳೇ ಹೆಚ್ಚಾಗಿದ್ದವು. ಕೆಮ್ಮಣ್ಣಿನ ರಸ್ತೆಗಳನ್ನು ನೇರವಾಗಿ ಎಳೆದಿದ್ದರು. ಎರಡು ಕಡೆಯೂ ಪಾಯ ತೋಡುವ ಕೆಲಸ ನಡೆಯುತ್ತಿತ್ತು. ನಡುನಡುವೆ ಇನ್ನೂ ಹಳೆಯ ಊರಿನವರ ರಾಗಿ ಹೊಲಗಳು ಉಳಿದಿದ್ದವು. ಅಂಥ ಒಂದು ಕಡೆ, ಸೂರು ಹಾಕಿದ ಮೇಲೆ ಗಾರೆಯಾಗದೆ ನಿಂತುಹೋಗಿದ್ದ ಮನೆಯೊಂದನ್ನು ನಮ್ಮ ಪೊಲೀಸ್ ತರಬೇತಿ ಶಾಲೆಗೆ ತಾತ್ಕಾಲಿಕವಾಗಿ ಕೊಟ್ಟಿದ್ದರು. ಹೊಸದಾಗಿ ಸೇರಿದ ಹುಡುಗರಿಗೆ ಕವಾಯತು ಮತ್ತು ಕಾನೂನಿನ ಪಾಠ ಮುಗಿದ ಮೇಲೆ ಕೊನೆಯಲ್ಲಿ ಅಭಿನಯದ ಪಾಠ ಇರುತ್ತಿತ್ತು. ಅದರ ಹೊಣೆ ನನ್ನದು.

ಮನೆಯ ಮುಂದಿನ ಕೋಣೆಯೇ ಠಾಣೆ. ಒಂದು ಮೇಜು, ದೂರು ಬರೆದುಕೊಳ್ಳುವ ರೈಟರಿಗೆ ಕುರ್ಚಿ, ದೂರು ತಂದವರಿಗೆ ಸ್ಟೂಲು, ಗೋಡೆಗೆ ಒಂದು ಕರಿಹಲಗೆ. ಒಳಕೋಣೆಗೆ ಬಾಗಿಲು ಕೂರಿಸಿರಲಿಲ್ಲ. ಅಡ್ಡಕ್ಕೆ ಹಗ್ಗ ಕಟ್ಟಿ ಅದನ್ನು ಲಾಕಪ್ ಎಂದು ಕರೆದೆವು. ಪಕ್ಕದ ಕೋಣೆಯ ಕಿಟಕಿಗೆ ಗೋಣಿತಾಟು ಇಳಿಬಿಟ್ಟು ಅದರ ಹಿಂದೆ ನಾನು ಕೂರುತ್ತಿದ್ದೆ. ಹುಡುಗರಲ್ಲಿ ಒಬ್ಬ ಸಬ್ ಇನ್ಸ್‌ಪೆಕ್ಟರ್, ಒಬ್ಬ ರೈಟರ್, ಒಬ್ಬ ಕಳ್ಳ, ಉಳಿದವರು ಪೇದೆಗಳು ಅಥವಾ ಸಾರ್ವಜನಿಕರು. ನಲ್ಲಿಯ ಹತ್ತಿರದ ಜಗಳ, ಸೈಕಲ್ ಕಳವು, ಕುಡಿದು ಬಂದು ರಂಪ ಮಾಡುವವನು, ದಾರಿ ತಪ್ಪಿದ ಮುದುಕ ಹೀಗೆ ದಿನಕ್ಕೊಂದು ಸನ್ನಿವೇಶ. ಬೆಳಿಗ್ಗೆಯೇ ಕರಿಹಲಗೆಯ ಮೇಲೆ ಅದನ್ನು ಬರೆದಿಡುತ್ತಿದ್ದೆ. ಮುಗಿದಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತಪ್ಪುಗಳನ್ನು ಹೇಳುತ್ತಿದ್ದೆ.

ನನ್ನ ಒಂದು ನಿಯಮವನ್ನು ಯಾರೂ ಮುರಿಯುವಂತಿರಲಿಲ್ಲ. ಹೊಸಿಲು ದಾಟಿ ಒಳಗೆ ಬಂದವನು ನಾನು ಸೀಟಿ ಊದುವ ತನಕ ತನ್ನ ಪಾತ್ರದಲ್ಲೇ ಇರಬೇಕು. ನಗಬಾರದು, ‘ಸಾರ್, ಇದು ಹೇಗೆ’ ಎಂದು ನನ್ನ ಕಡೆ ತಿರುಗಬಾರದು.

ಇನ್ನೊಂದು ಪದ್ಧತಿಯನ್ನು ನಾನೂ ಕವಾಯತಿನ ದಫೇದಾರರೂ ಸೇರಿ ಮಾಡಿದ್ದೆವು. ಹುಡುಗರೇ ದೂರುದಾರರಾದರೆ ಒಬ್ಬರ ಗುಟ್ಟು ಒಬ್ಬರಿಗೆ ಗೊತ್ತಿರುತ್ತದೆ, ಪಾಠ ಸಪ್ಪೆಯಾಗುತ್ತದೆ. ಅದಕ್ಕೆ ಆಗಾಗ ಹೊರಗಿನವರನ್ನು ಕರೆತರುತ್ತಿದ್ದೆವು. ಮಾಗಡಿ ರಸ್ತೆಯ ಹೋಟೆಲಿನ ಸಪ್ಲೈಯರ್, ನಮ್ಮ ಅಡುಗೆಯವನ ತಾಯಿ, ಗಾಡಿ ಹೊಡೆಯುವ ಸಾಬರು. ಅವರು ಯಾವಾಗ ಬರುತ್ತಾರೆ, ಏನು ಹೇಳುತ್ತಾರೆ ಎಂಬುದು ಹುಡುಗರಿಗೆ ಗೊತ್ತಿರುತ್ತಿರಲಿಲ್ಲ. ಯಾರನ್ನು ಕರೆಸಿದ್ದೇವೆಂದು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿರಲಿಲ್ಲ. ನಮ್ಮ ಮುಖ ನೋಡಿ ಹುಡುಗರು ಪತ್ತೆಹಚ್ಚಿಬಿಡುತ್ತಾರೆಂದು ಹಾಗೆ ಮಾಡಿದ್ದೆವು. ಆ ಪದ್ಧತಿಯ ಬಗ್ಗೆ ನಮಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಆ ಗುರುವಾರ ಕರಿಹಲಗೆಯ ಮೇಲೆ ಸೈಕಲ್ ಕಳವು ಎಂದು ಬರೆದಿತ್ತು. ಸೈಕಲ್ಲಿನವನು ಬರುವ ಮೊದಲೇ ಒಬ್ಬ ಹೆಂಗಸು ಬಂದಳು. ನಡುವಯಸ್ಸು, ಒಕ್ಕಲು ಮನೆತನದವಳೆಂದು ಸೀರೆ ಉಟ್ಟ ರೀತಿಯಲ್ಲೇ ತಿಳಿಯುತ್ತಿತ್ತು. ಕಂಕುಳಲ್ಲಿ ಒಂದು ಗಂಟು. ಬಾಗಿಲಲ್ಲಿದ್ದ ಖಾಕಿಯವನನ್ನು ನೋಡಿ ಕೈಮುಗಿದು ಒಳಗೆ ಬಂದಳು. ದಫೇದಾರರು ಭಲೇ ಹೆಂಗಸನ್ನು ಹುಡುಕಿದ್ದಾರೆ ಅಂದುಕೊಂಡೆ. ಹಿತ್ತಲಲ್ಲಿದ್ದ ದಫೇದಾರರು ನಾನು ಕರೆಸಿದ್ದೇನೆ ಅಂದುಕೊಂಡರಂತೆ.

ಅಂದು ರೈಟರಾಗಿದ್ದವನು ಮಂಡ್ಯದ ಕಡೆಯ ಹುಡುಗ, ಮೆದು ಮಾತಿನವನು. ಎದ್ದು ನಿಂತ.

“ಕೂತ್ಕೊಳ್ಳಿ ಅಮ್ಮ. ನೀರು ಕೊಡ್ಲಾ?”

“ಬ್ಯಾಡಪ್ಪ. ನಮ್ಮ ಯಜಮಾನ್ರು ಮನೆಗೆ ಬಂದಿಲ್ಲ.”

“ಎಲ್ಲಿಗೆ ಹೋಗಿದ್ರು?”

“ಇಲ್ಲೇ, ಪಾಯ ತೋಡೋ ಕೆಲ್ಸಕ್ಕೆ. ನಮ್ದು ಕೆಂಗೇರಿ ಆಚೆ. ಸೋಮಾರ ಬಂದು ಶನಿವಾರ ವಾಪಸ್ ಬರೋರು. ಹೋದ ಶನಿವಾರ ಬರ್ಲಿಲ್ಲ. ನಾನೇ ಬಂದು ಮೇಸ್ತ್ರೀನ ಕೇಳ್ದೆ. ಕೂಲಿ ಸಾಲ್ದು ಅಂತ ಹಾರೆ ಬಿಸಾಕಿ ಹೋದ ಅಂದ.”

“ಹೋಗಿರಬಹುದಾ?”

“ಹಾರೆ ನಮ್ದು ಕಣಪ್ಪ. ನಮ್ಮ ಮಾವನ ಕಾಲದ್ದು. ಅದನ್ನ ಬಿಸಾಕ್ತಾರಾ ಅವ್ರು?”

ಹುಡುಗ ಒಂದೂ ತಪ್ಪು ಮಾಡಲಿಲ್ಲ. ಹೆಸರು, ವಯಸ್ಸು, ಉಟ್ಟ ಬಟ್ಟೆ, ಕೊನೆಗೆ ನೋಡಿದವರು ಯಾರು ಎಂದು ಕ್ರಮವಾಗಿ ಕೇಳಿದ. ಚಹರೆ ಕೇಳಿದಾಗ ಅವಳು ತನ್ನ ಎಡಗೈ ಮುಂದೆ ಮಾಡಿ ತೋರಿಸಿದಳು. ಗಂಡನ ಕಿರುಬೆರಳು ಅರ್ಧ ಇಲ್ಲ, ಆಲೆಮನೆಯ ಗಾಣಕ್ಕೆ ಸಿಕ್ಕಿತ್ತು. ಬರೆದದ್ದನ್ನು ಓದಿ ಹೇಳಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ಇಷ್ಟು ಕೇಳ್ದೋರು ನೀನೊಬ್ನೇ ನೋಡಪ್ಪ” ಅಂದಳು. ಆ ತಂಡ ಅಷ್ಟು ಚೆನ್ನಾಗಿ ಪಾಠ ಮಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ತೃಪ್ತಿಯಿಂದ ಸೀಟಿ ಊದಿದೆ.

ಹುಡುಗರು ಸಡಿಲವಾದರು. ಲಾಕಪ್ಪಿನಲ್ಲಿ ಕಳ್ಳನಾಗಿ ಕೂತಿದ್ದ ಉದ್ದನೆಯ ಹುಡುಗ ಹಗ್ಗ ದಾಟಿ ಬಂದು ಚಪ್ಪಾಳೆ ಹೊಡೆದ. ಊರಿನಲ್ಲಿ ನಾಟಕ ಆಡುತ್ತಿದ್ದವನು ಅವನು.

“ಏನಮ್ಮ, ಯಾವ ಕಂಪನಿಯೋರು ನೀವು? ನಮಗೂ ಒಸಿ ಹೇಳ್ಕೊಡಿ!”

ಅವಳಿಗೆ ಅರ್ಥವಾಗಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅಳು ನಿಲ್ಲಲಿಲ್ಲ. ನಾನು ತಾಟು ಸರಿಸಿ ಹೊರಗೆ ಬಂದೆ. ದಫೇದಾರರು ಹಿತ್ತಲಿನಿಂದ ಬಂದರು. ನಾನು ಅವರನ್ನು ನೋಡಿದೆ, ಅವರು ನನ್ನನ್ನು ನೋಡಿದರು.

“ನೀವು ಕರೆಸಿದ್ದಲ್ವಾ?” ಅಂದರು ಮೆಲ್ಲಗೆ.

ಅವಳಿಗೆ ವಿಷಯ ತಿಳಿಸುವುದು ಸುಲಭವಾಗಲಿಲ್ಲ. ಇದು ಠಾಣೆಯಲ್ಲ, ಶಾಲೆ. ಇವರು ಇನ್ನೂ ಪೊಲೀಸರಾಗಿಲ್ಲ, ಕಲಿಯುತ್ತಿದ್ದಾರೆ ಎಂದೆ. “ಖಾಕಿ ಹಾಕವ್ರಲ್ಲ ಸ್ವಾಮಿ” ಅಂದಳು. “ಬರ್ಕೊಂಡ್ರಲ್ಲ” ಅಂದಳು. ಮಧ್ಯಾಹ್ನದ ಪಾಠವನ್ನು ದಫೇದಾರರಿಗೆ ಬಿಟ್ಟು, ನಾನೇ ಅವಳನ್ನು ಕರೆದುಕೊಂಡು ನಿಜವಾದ ಠಾಣೆಗೆ ಹೊರಟೆ. ಹುಡುಗ ಬರೆದಿದ್ದ ಹಾಳೆಯೂ ಜೊತೆಗಿತ್ತು.

ಅಲ್ಲಿಯ ಇನ್ಸ್‌ಪೆಕ್ಟರ್ ನನಗೆ ಪರಿಚಯದವರು. ಬಾಗಿಲಲ್ಲಿ ನಮ್ಮನ್ನು ನೋಡಿದ್ದೇ ದೊಡ್ಡದಾಗಿ ನಕ್ಕರು.

“ಏನ್ ಮೇಷ್ಟ್ರೇ, ನಿಮ್ಮ ನಾಟಕ ಈಗ ನಮ್ಮ ಠಾಣೆಗೇ ಬಂತಾ? ನಮಗೂ ಪರೀಕ್ಷೆನಾ?”

ಸುತ್ತಲಿದ್ದ ಪೇದೆಗಳೂ ನಕ್ಕರು. ನಮ್ಮ ಪಾಠದ ಸುದ್ದಿ ಸುತ್ತಿನ ಠಾಣೆಗಳಲ್ಲೆಲ್ಲ ತಮಾಷೆಯ ಮಾತಾಗಿತ್ತು. ಇದು ನಿಜದ ದೂರು ಎಂದೆ. ಅವರು ರೈಟರಿಗೆ ಕಣ್ಣು ಹೊಡೆದರು. ಆಣೆ ಮಾಡಿದಂತೆ ಮತ್ತೆ ಹೇಳಿದೆ. ನಗು ನಿಂತಿತು, ಆದರೆ ಆ ಹೊತ್ತಿಗೆ ಅವರಿಗೆ ಬೇರೆ ಕಾರಣ ಸಿಕ್ಕಿತ್ತು.

“ಮನೆ ಎಲ್ಲಿ? ಕೆಂಗೇರಿ ಕಡೆ. ಮನೆಗೆ ಬರ್ಲಿಲ್ಲ ಅಂದ್ರೆ ಆ ಠಾಣೆಯೋರು ಬರ್ಕೋಬೇಕು. ಗಂಡ ಹೆಂಡ್ತಿ ಏನು ಜಗಳ ಆಡ್ಕೊಂಡ್ರೋ. ತಾಳಿ, ತಾನೇ ಬರ್ತಾನೆ. ನೀವು ಪಾಠ ಹೇಳ್ಕೊಂಡಿರಿ ಮೇಷ್ಟ್ರೇ.”

ನಾನೂ ಅವರೂ ಒಂದೇ ದರ್ಜೆಯವರು. ಠಾಣೆ ಅವರದು, ಸರಹದ್ದು ಅವರದು. ಶಾಲೆಯವನಿಗೆ ಸರಹದ್ದೇ ಇಲ್ಲ. ಮರುದಿನ ಅವಳು ತನ್ನ ಊರ ಕಡೆಯ ಠಾಣೆಗೆ ಹೋದಳು. ಕೆಲಸದ ಜಾಗದಿಂದ ಕಾಣೆಯಾದವನನ್ನು ಕೆಲಸದ ಜಾಗದ ಠಾಣೆಯವರೇ ಹುಡುಕಬೇಕು ಎಂದು ಅವರು ತಿರುಗಿ ಕಳಿಸಿದರು. ಎರಡು ಮಾತೂ ಕೇಳುವುದಕ್ಕೆ ಸರಿಯಾಗಿಯೇ ಇದ್ದವು.

ನಮ್ಮ ಶಾಲೆಯ ಮುಖ್ಯಸ್ಥರಿಗೆ ವರದಿ ಮಾಡಿದೆ. ಅವರು ಕೆಟ್ಟವರಲ್ಲ. ತಾಳ್ಮೆಯಿಂದ ಕೇಳಿ, “ನಮ್ಮ ಮೊಹರು ಹಾಕಿ ಒಂದು ಕಾಗದವೂ ಹೋಗಕೂಡದು. ಶಾಲೆ ಠಾಣೆಯ ಕೆಲಸಕ್ಕೆ ಕೈಹಾಕ್ತು ಅಂತ ಮೇಲಕ್ಕೆ ಹೋದರೆ ಈ ಅಭಿನಯದ ಪಾಠವನ್ನೇ ನಿಲ್ಲಿಸ್ತಾರೆ. ನೀವೂ ಹೋಗ್ತೀರಿ, ಹುಡುಗರೂ ಹೋಗ್ತಾರೆ” ಎಂದರು. ಅದೂ ನಿಜ.

ಶನಿವಾರ ಬೆಳಿಗ್ಗೆ ಕವಾಯತು ಮುಗಿಸಿ ಹುಡುಗರನ್ನು ಕರೆದುಕೊಂಡು ಬರುವ ಹೊತ್ತಿಗೆ ಅವಳು ನಮ್ಮ ಪಾಠದ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ನಾವು ಪಾಠ ಶುರು ಮಾಡಿದೆವು. ಹೊರಗೆ ಅವಳು ಕೂತಿರುವಾಗ ಒಳಗೆ ಸುಳ್ಳು ದೂರು ಬರೆದುಕೊಳ್ಳುವುದು ಹುಡುಗರಿಗೆ ಆಗಲಿಲ್ಲ. ಅರ್ಧಕ್ಕೇ ನಿಲ್ಲಿಸಬೇಕಾಯಿತು. ಮಂಡ್ಯದ ಹುಡುಗ ಮುಂದೆ ಬಂದ.

“ನಾಳೆ ಭಾನುವಾರ ರಜ ಸಾರ್. ನಾವು ಹೋಗಿ ವಿಚಾರಿಸ್ಕೊಂಡು ಬರ್ತೀವಿ. ಪಾಯ ತೋಡೋರ್ನ ಕೇಳ್ತೀವಿ, ಆಸ್ಪತ್ರೆಗಳ್ಗೆ ಹೋಗ್ತೀವಿ.”

“ಯಾವ ಅಧಿಕಾರದಲ್ಲಿ ಹೋಗ್ತೀಯ?”

“ಮಫ್ತಿಲಿ ಸಾರ್.”

“ನಿನಗೆ ಇನ್ನೂ ನಂಬರೇ ಕೊಟ್ಟಿಲ್ಲ. ಯಾರಾದರೂ ದೂರು ಕೊಟ್ಟರೆ ತರಬೇತಿಯಿಂದಲೇ ತೆಗೀತಾರೆ. ಬೇಡ.”

ಅವನನ್ನು ತಡೆದು ನಾನೇ ಹೋದೆ. ಭಾನುವಾರ ಪಂಚೆ ಉಟ್ಟು, ಮೊದಲು ಪಾಯದ ಕೆಲಸಗಾರರ ಗುಡಿಸಲುಗಳಿಗೆ ಹೋದೆ. ಮೇಸ್ತ್ರಿಯ ಹೆಸರೆತ್ತಿದ್ದೇ ಎಲ್ಲರೂ ಅಡುಗೆಯ ಕಡೆ ತಿರುಗಿದರು. ಒಬ್ಬ ಮಾತ್ರ “ಹೋದ ಅಂದ್ರಲ್ಲ ಸ್ವಾಮಿ, ಹೋದ” ಎಂದ. ಅಲ್ಲಿಂದ ಊರೊಳಗಿನ ದೊಡ್ಡಾಸ್ಪತ್ರೆಗೆ ಹೋದೆ. ಹೆಸರು ಹೇಳಿದೆ, ಆ ಹೆಸರಿನವರು ಯಾರೂ ದಾಖಲಾಗಿರಲಿಲ್ಲ. ಹೆಸರು ಗೊತ್ತಿಲ್ಲದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಅದಕ್ಕೆ ಠಾಣೆಯಿಂದ ಕಾಗದ ಬೇಕು ಎಂದರು. ಅದು ನಿಯಮ. ಆ ನಿಯಮವನ್ನು ನಾನೇ ತರಗತಿಯಲ್ಲಿ ಕಲಿಸುತ್ತಿದ್ದೆ. ಸುಳ್ಳು ಹೇಳಿಕೊಂಡು ಯಾರು ಬೇಕಾದರೂ ಒಳಗೆ ಹೋಗದಿರಲಿ ಎಂದು ಮಾಡಿದ್ದು. ಗೇಟಿನ ಹೊರಗೆ ಸ್ವಲ್ಪ ಹೊತ್ತು ನಿಂತಿದ್ದು ಬಂದೆ.

ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ಒಂದು ಠಾಣೆಯ ದಿನಚರಿಯಲ್ಲಿ ಒಂದು ಸಾಲು ಬರೆಯದೆ ಯಾವ ಬಾಗಿಲೂ ತೆರೆಯುವುದಿಲ್ಲ. ನಾನು ಜೊತೆಗೆ ಹೋದರೆ ಅದು ಮೇಷ್ಟ್ರ ನಾಟಕವಾಗುತ್ತದೆ. ಅವಳೇ ಹೋಗಬೇಕು, ಒಬ್ಬಳೇ ಹೋಗಬೇಕು, ಬರೆಸಿಕೊಂಡೇ ಬರಬೇಕು. ಅಲ್ಲಿ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಹಾಗಾದರೆ ಅವಳಿಗೂ ಪಾಠ ಮಾಡಬೇಕು.

ಸೋಮವಾರ ಕರಿಹಲಗೆಯ ಮೇಲೆ ಏನೂ ಬರೆಯಲಿಲ್ಲ. ಉದ್ದನೆಯ ಹುಡುಗನನ್ನು ರೈಟರ ಕುರ್ಚಿಯಲ್ಲಿ ಕೂರಿಸಿ, “ಇವತ್ತು ನೀನು ದೂರು ಬರ್ಕೋಬಾರದು. ಹೇಗಾದರೂ ಮಾಡಿ ಇವರನ್ನ ವಾಪಸ್ ಕಳಿಸಬೇಕು” ಎಂದೆ. ಅವಳಿಗೆ, “ಇದು ಆಟ ಅಮ್ಮ. ಇವನು ಬೈತಾನೆ. ನಾಳೆ ನಿಜವಾದ ಕಡೆ ಹೀಗೇ ಆಗುತ್ತೆ. ಹೆದರದೆ ನಿಂತ್ಕೋಬೇಕು” ಎಂದೆ. ಆಗಲಿ ಎಂದು ತಲೆಯಾಡಿಸಿದಳು.

ಅವನು ಕಾಲು ಚಾಚಿ ಕೂತ. ತಲೆ ಎತ್ತಲಿಲ್ಲ.

“ಏನು?”

“ನಮ್ಮ ಯಜಮಾನ್ರು…”

“ಓಡೋದ್ನಾ? ಏನ್ ಬೈದೆ? ಊಟ ಹಾಕ್ಲಿಲ್ವಾ? ಇನ್ನೊಬ್ಳ ಮನೇಲಿ ಕೂತಿರ್ತಾನೆ, ಹೋಗಿ ನೋಡು. ಇನ್ಸ್‌ಪೆಕ್ಟ್ರಿಲ್ಲ, ನಾಳೆ ಬಾ.”

ಅವಳು ಗೋಡೆಗೆ ಆತು ಅತ್ತಳು. ಸೀಟಿ ಊದಿದೆ. ಮತ್ತೆ ಮೊದಲಿಂದ. ಎರಡನೆಯ ಸಲವೂ ಅತ್ತಳು. ಮೂರನೆಯ ಸಲ ಬಾಗಿಲ ತನಕ ಹೋಗಿ ತಿರುಗಿ ಬಂದಳು. ಅಳು ಮೊದಲು ಬೇಡ, ಯಾವತ್ತು ಎಲ್ಲಿ ಅನ್ನುವುದು ಮೊದಲು ಬರಲಿ ಎಂದು ಹೇಳಿಕೊಟ್ಟೆ. ಜಗಲಿಯಿಂದ ಕೆಳಗೆ ಇಳಿಯಬೇಡಿ ಎಂದೆ. ಬೇರೆ ಠಾಣೆಯ ಮಾತು ಬಂದರೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿಸಿದೆ. ನಡುವೆ ಬೇರೆ ಹುಡುಗರೂ ಕುರ್ಚಿಯಲ್ಲಿ ಕೂತರು. ಒಬ್ಬ ಅವಳ ಮುಖದ ಮುಂದೆ ಬಾಗಿಲು ಹಾಕುವವನಂತೆ ಮಾಡಿದ. ಇನ್ನೊಬ್ಬ ಹಲ್ಲಲ್ಲಿ ಕಡ್ಡಿ ಆಡಿಸುತ್ತ, “ಫೋಟೋ ಇದೆಯಾ? ಇಲ್ವಾ? ಮತ್ತೆ ಹೆಂಗೆ ಹುಡ್ಕೋದು, ವಾಸನೆ ಹಿಡ್ಕೊಂಡಾ?” ಎಂದ. ಉಳಿದವರು ಕಿಸಕ್ಕನೆ ನಕ್ಕರು.

ದೂರುದಾರರಿಗೆ ಸ್ಟೂಲು ತೋರಿಸಿ ಕೂರಿ ಎನ್ನುವುದನ್ನು ಕಲಿಸುವುದಕ್ಕೆ ಈ ಹುಡುಗರೊಡನೆ ನಾನು ವಾರಗಟ್ಟಲೆ ಹೆಣಗಿದ್ದೆ. ಈ ಕುರ್ಚಿಯಲ್ಲಿ ಹೀಗೆ ಕೂರುವುದನ್ನು ನಾನು ಯಾರಿಗೂ ಕಲಿಸಿರಲಿಲ್ಲ. ಯಾರೂ ಒಮ್ಮೆಯೂ ತಡವರಿಸಲಿಲ್ಲ. ಸೀಟಿ ಬಾಯಿಯ ಹತ್ತಿರ ಇಟ್ಟುಕೊಂಡು ಅದನ್ನು ನೋಡುತ್ತ ನಿಂತಿದ್ದೆ.

ಊಟದ ಹೊತ್ತಿಗೆ ಅವಳ ದನಿ ಗಟ್ಟಿಯಾಯಿತು.

“ಎರಡು ಕಡೆನೂ ಹೋಗ್ಬಂದಿವ್ನಿ. ನೀವು ದಿನಚರೀಲಿ ಬರ್ಕೊಂಡು ಆ ಠಾಣೆಗೆ ನೀವೇ ಕಳ್ಸಿ. ಬರ್ಕೊಳ್ಳೋಗಂಟ ನಾನು ಇಲ್ಲೇ ಕೂತಿರ್ತೀನಿ.”

ಉದ್ದನೆಯವನು ಎದ್ದುಬಿಟ್ಟ. “ಆಯ್ತು ಸಾರ್, ಇವ್ರನ್ನ ಇನ್ನು ಯಾರೂ ಅಲ್ಲಾಡ್ಸಕ್ಕಾಗಲ್ಲ” ಎಂದ. ಆಮೇಲೆ ಅವಳ ಕಡೆ ತಿರುಗಿ, “ಅಮ್ಮ, ನಾನಂದಿದ್ದು ಮನಸಿಗೆ ಹಚ್ಕೋಬೇಡಿ” ಎಂದ.

“ನೀನಾದ್ರೆ ಆಟಕ್ಕಂದೆ ಬಿಡಪ್ಪ” ಅಂದಳು.

ಮಂಗಳವಾರ ಅವಳು ಒಬ್ಬಳೇ ಅದೇ ಇನ್ಸ್‌ಪೆಕ್ಟರ ಠಾಣೆಗೆ ಹೋದಳು. ಸಂಜೆಯ ತನಕ ಠಾಣೆಯ ಜಗಲಿಯಿಂದ ಕದಲಲಿಲ್ಲವಂತೆ. ಕೊನೆಗೆ ಬೇಸತ್ತೋ ಏನೋ ರೈಟರು ಬರೆದುಕೊಂಡರು. ಅವಳು ನಮ್ಮ ಶಾಲೆಯ ತನಕ ನಡೆದು ಬಂದು ಗೇಟಿನಲ್ಲೇ, “ಬರ್ಕೊಂಡ್ರು ಸ್ವಾಮಿ” ಎಂದು ಕೂಗಿದಳು. ಸಂಜೆಯ ಹಾಜರಿಗೆ ನಿಂತಿದ್ದ ಹುಡುಗರು ಸಾಲು ಮುರಿದು ಓಡಿದರು. ನಾನು ಗದರಲಿಲ್ಲ.

ಬುಧವಾರ ಆ ಠಾಣೆಯ ಪೇದೆಯೊಬ್ಬ ಕಾಗದ ಹಿಡಿದುಕೊಂಡು ದೊಡ್ಡಾಸ್ಪತ್ರೆಗೆ ಹೋದ. ಅರ್ಧ ದಿನ ಕೂಡ ಹಿಡಿಯಲಿಲ್ಲ. ಪಾಯದ ಮಣ್ಣು ಕುಸಿದು ಸೊಂಟ ಮುರಿದ ಒಬ್ಬನನ್ನು ಯಾರೋ ಗಾಡಿಯಲ್ಲಿ ತಂದು, ಹೆಸರು ಹೇಳದೆ ಬಾಗಿಲಲ್ಲಿ ಬಿಟ್ಟು ಹೋಗಿದ್ದರು. ಅವನಿಗೆ ಮಾತು ನಿಂತಿತ್ತು. ಎಡಗೈಯ ಕಿರುಬೆರಳು ಅರ್ಧ ಇರಲಿಲ್ಲ. ಭಾನುವಾರ ರಾತ್ರಿ ತೀರಿಕೊಂಡಿದ್ದ. ವಾರಸುದಾರರಿಲ್ಲವೆಂದು ಮಂಗಳವಾರ ಬೆಳಿಗ್ಗೆ ಹೂಳಿದ್ದರು.

ಅವಳು ನಮ್ಮ ಸ್ಟೂಲಿನ ಮೇಲೆ ಕೂತಿದ್ದಾಗ ಅವನು ಬದುಕಿದ್ದ. ನಾನು ಆಸ್ಪತ್ರೆಯ ಗೇಟಿನ ಹೊರಗೆ ನಿಂತಿದ್ದಾಗಲೂ ಬದುಕಿದ್ದ. ಮಾಡಬಹುದಾದದ್ದನ್ನೆಲ್ಲ ನೀವು ಮಾಡಿದಿರಿ ಎಂದು ಮುಖ್ಯಸ್ಥರು ಹೇಳಿದರು. ನಾನು ಎಷ್ಟು ಸಲ ಮೊದಲಿಂದ ಯೋಚಿಸಿದರೂ ನನಗೂ ಹಾಗೇ ಕಾಣುತ್ತದೆ. ಅದರಿಂದ ಏನೂ ಹಗುರವಾಗಲಿಲ್ಲ.

ಅವಳ ತಮ್ಮ ಬಂದು ಅವಳನ್ನು ಸ್ಮಶಾನಕ್ಕೆ ಕರೆದುಕೊಂಡು ಹೋದ. ಅಲ್ಲಿ ಹೊಸ ಮಣ್ಣಿನ ದಿಬ್ಬಗಳು ಹಲವಾರು ಇದ್ದವಂತೆ. ಯಾವುದೆಂದು ಹೇಳುವುದಕ್ಕೆ ಕಾವಲಿನವನಿಗೆ ಆಗಲಿಲ್ಲ. ಅವಳು ಎಲ್ಲದರ ಮೇಲೂ ಒಂದೊಂದು ಹಿಡಿ ಮಣ್ಣು ಹಾಕಿ ಊರಿಗೆ ಹೋದಳೆಂದು ಆ ಪೇದೆಯೇ ನನಗೆ ಹೇಳಿದ. ಮೇಸ್ತ್ರಿಯನ್ನು ಕರೆಸಿ ಕೇಳಿದರು. ಸಾಕ್ಷಿ ಹೇಳುವುದಕ್ಕೆ ಗುಡಿಸಲುಗಳಿಂದ ಯಾರೂ ಬರಲಿಲ್ಲ.

ಶುಕ್ರವಾರದ ಪಾಠವನ್ನು ಆ ತಿಂಗಳ ಮೊದಲಲ್ಲೇ ಗೊತ್ತು ಮಾಡಿದ್ದೆವು: ಗುರುತು ಸಿಗದ ಶವ. ಮುಂದಕ್ಕೆ ಹಾಕೋಣವೇ ಎಂದು ದಫೇದಾರರು ಕೇಳಿದರು. ಪರೀಕ್ಷೆ ಹತ್ತಿರವಿತ್ತು. ಬೇಡ ಎಂದು ಕರಿಹಲಗೆಯ ಮೇಲೆ ಬರೆದೆ. ಶವದ ಪಾತ್ರ ಯಾವಾಗಲೂ ಉದ್ದನೆಯ ಹುಡುಗನದು.

“ಮಲಕ್ಕೋ” ಎಂದೆ.

ಅವನು ಅಟೆನ್ಷನ್‌ನಲ್ಲೇ ನಿಂತಿದ್ದ. “ನನ್ ಕೈಲಾಗಲ್ಲ ಸಾರ್.”

ಇನ್ನೊಬ್ಬನಿಗೆ ಹೇಳಿದೆ. ಅವನು ನೆಲ ನೋಡಿದ. ಮತ್ತೊಬ್ಬನಿಗೆ ಹೇಳಿದೆ. ನನ್ನ ಅಷ್ಟು ವರ್ಷದ ನೌಕರಿಯಲ್ಲಿ ಇಡೀ ತಂಡವೇ ಆಜ್ಞೆಯನ್ನು ಕೇಳದೆ ನಿಂತದ್ದು ಅದೊಂದೇ ಸಲ. ಶಿಕ್ಷೆ ಏನೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ನಾನು ಟೋಪಿ ತೆಗೆದು ಮೇಜಿನ ಮೇಲಿಟ್ಟೆ. ಬೆಲ್ಟು ಬಿಚ್ಚಿದೆ, ಖಾಕಿ ಅಂಗಿ ಕಳಚಿ ಮಡಿಸಿ ಕುರ್ಚಿಯ ಮೇಲಿಟ್ಟೆ. ಗೋಡೆಯ ಪಕ್ಕ ನೆಲದ ಮೇಲೆ ಮಲಗಿ, ಯಾರೋ ತಂದಿದ್ದ ಹೊದಿಕೆಯನ್ನು ಸೊಂಟದ ತನಕ ಎಳೆದುಕೊಂಡೆ.

“ಶುರು ಮಾಡಿ” ಎಂದು ಕಣ್ಣು ಮುಚ್ಚಿದೆ.

ಆಮೇಲೆ ಒಬ್ಬ ಪಕ್ಕದಲ್ಲಿ ಮೊಣಕಾಲೂರಿದ. ಮಂಡ್ಯದ ಹುಡುಗನೆಂದು ಉಸಿರಿನಲ್ಲೇ ತಿಳಿಯಿತು. ಕಲಿಸಿದಂತೆ ನನ್ನ ಎತ್ತರ ಅಂದಾಜು ಮಾಡಿದ, ತಲೆಗೂದಲು ಸರಿಸಿ ನೋಡಿದ, ಎರಡು ಕೈಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ. ಎಡಗೈಯನ್ನು ಬಿಡುವುದಕ್ಕೆ ತಡ ಮಾಡಿದ. ಅಲ್ಲಿ ನಿಂತಿದ್ದವರನ್ನು ಒಬ್ಬೊಬ್ಬರಾಗಿ ಕೇಳಿದ, “ಇವರು ಯಾರು ಗೊತ್ತಾ?” ಎಲ್ಲರೂ ಪಾಠದಲ್ಲಿದ್ದಂತೆ ಇಲ್ಲ ಎಂದರು. ಅಲ್ಲಿಗೆ ಸನ್ನಿವೇಶ ಮುಗಿಯಬೇಕಿತ್ತು. ಗುರುತು ಸಿಗಲಿಲ್ಲ ಎಂದು ಬರೆಯಬೇಕಿತ್ತು. ಅವನು ಎದ್ದು ಹೊಸಿಲು ದಾಟಿ ಹೊರಗೆ ಹೋದ. ರಸ್ತೆಯ ಆಚೆ ಪಾಯ ತೋಡುತ್ತಿದ್ದವರನ್ನು ಅವನು ಕರೆಯುವುದು ಕೇಳಿಸಿತು.

“ಅಣ್ಣ, ಒಸಿ ಒಳಗ್ ಬಂದು ನೋಡ್ತೀರಾ? ಒಬ್ರು ತೀರ್ಕೊಂಡವ್ರೆ. ನಿಮ್ಮೋರೇನೋ ನೋಡಿ.”

ಗುದ್ದಲಿ ಕೆಳಗೆ ಬಿದ್ದ ಸದ್ದಾಯಿತು. ಓಡಿಬರುವ ಹೆಜ್ಜೆಗಳು. ಯಾರೋ ಏದುಸಿರು ಬಿಡುತ್ತ ನನ್ನ ಮುಖದ ಮೇಲೆ ಬಾಗಿದರು. ನಾನು ಉಸಿರು ಹಿಡಿದೆ.

“ನಮ್ಮೋರಲ್ಲ ಸ್ವಾಮಿ” ಅಂತು ವಯಸ್ಸಾದ ಗಂಡಸಿನ ದನಿ. ಆಮೇಲೆ, “ಪಾಪ, ಯಾರ ಮನೆಯೋರೋ. ಮನೇಲಿ ಗೊತ್ತೋ ಇಲ್ವೋ” ಎಂದ.

ಅವನು ತಲೆಗೆ ಸುತ್ತಿದ್ದ ಟವಲು ಬಿಚ್ಚಿ ನನ್ನ ಮುಖದ ಮೇಲೆ ಹಾಸಿದ. ಹಸಿ ಮಣ್ಣಿನ, ಬೆವರಿನ ವಾಸನೆ. ಹುಡುಗರು ಯಾರೂ ಇದು ಪಾಠ ಎಂದು ಅವನಿಗೆ ಹೇಳಲಿಲ್ಲ. ನಾನು ಏಳಬೇಕಿತ್ತು. ಅವನು ಕೈಮುಗಿದು ಹೊರಗೆ ಹೋಗುವ ತನಕ ನನಗೆ ಏಳಲು ಆಗಲಿಲ್ಲ.